ವಾಟರ್‌ಲೂ ಕೋ-ಆಪ್: ಸಂಬಳದಲ್ಲೇ ಫೀಸು ಹುಟ್ಟುತ್ತಾ? ರ‍್ಯಾಂಕಿಂಗ್, ಪರ್ಮಿಟ್, ತೆರಿಗೆ, ಬಾಡಿಗೆ

ಮಲ್ನಾಡ್‌ಮಳೆ

ಅಕ್ಕನ ಮಗನಿಗೆ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೀಟು ಬಂದಿದೆ. ಏಜೆಂಟರ ಮಾತು ಹೀಗಿದೆ: "ಅಲ್ಲಿ ಕೋ-ಆಪ್ ಇದೆ. ನಾಲ್ಕು ತಿಂಗಳು ಓದು, ನಾಲ್ಕು ತಿಂಗಳು ಸಂಬಳದ ಕೆಲಸ. ಮೊದಲ ವರ್ಷದ ಫೀಸು ಕಟ್ಟಿ ಸಾಕು, ಉಳಿದದ್ದು ತಾನಾಗಿ ಹುಟ್ಟುತ್ತೆ." ಇದು ಎಷ್ಟು ನಿಜ? ಕೆಲಸ ಕಾಲೇಜೇ ಕೊಡಿಸುತ್ತಾ ಅಥವಾ ನಮ್ಮ ಕ್ಯಾಂಪಸ್ ಪ್ಲೇಸ್‌ಮೆಂಟ್ ತರಹವಾ? ಕೆಲಸ ಸಿಗದಿದ್ದರೆ ಡಿಗ್ರಿ ಗತಿ ಏನು? ಬಲ್ಲವರು ಬಿಡಿಸಿ ಹೇಳಿ.

ಗ್ರ್ಯಾಂಡ್‌ನದಿ

ಮೊದಲು ಚೌಕಟ್ಟು ಹೇಳ್ತೀನಿ, ದುಡ್ಡಿನ ಮಾತು ಆಮೇಲೆ.

ವಾಟರ್‌ಲೂದಲ್ಲಿ ಎಂಜಿನಿಯರಿಂಗ್ ಓದುವವರೆಲ್ಲರಿಗೂ ಕೋ-ಆಪ್ ಕಡ್ಡಾಯ, "ನನಗೆ ಬೇಡ" ಅನ್ನುವ ಆಯ್ಕೆಯೇ ಇಲ್ಲ. ವರ್ಷಕ್ಕೆ ಮೂರು ಟರ್ಮ್: ಸೆಪ್ಟೆಂಬರ್–ಡಿಸೆಂಬರ್, ಜನವರಿ–ಏಪ್ರಿಲ್, ಮೇ–ಆಗಸ್ಟ್. ಇಡೀ ಡಿಗ್ರಿಗೆ 8 ಓದಿನ ಟರ್ಮ್, 6 ಕೆಲಸದ ಟರ್ಮ್. ಅಂದರೆ 32 ತಿಂಗಳು ಓದು, 24 ತಿಂಗಳು ಕೆಲಸ, ಒಟ್ಟು 56 ತಿಂಗಳು. ನಾಲ್ಕು ವರ್ಷದ ಡಿಗ್ರಿ ಅಂದುಕೊಂಡು ಬಂದವರಿಗೆ ಅದು ನಾಲ್ಕು ವರ್ಷ ಎಂಟು ತಿಂಗಳಾಗುತ್ತದೆ. ಬೇಸಿಗೆ ರಜೆ ಎಂಬುದಿಲ್ಲ. ಊರಿಗೆ ಬರುವುದಾದರೆ ಎರಡು ಟರ್ಮ್‌ಗಳ ನಡುವಿನ ಒಂದೆರಡು ವಾರವೇ ಗತಿ.

ಮೆಕ್ಯಾನಿಕಲ್‌ನಲ್ಲಿ ಎರಡು ಸ್ಟ್ರೀಮ್ ಇವೆ. ಸ್ಟ್ರೀಮ್ 4 ಅಂದರೆ ಮೊದಲ ನಾಲ್ಕು ತಿಂಗಳು ಓದಿದ ಕೂಡಲೇ ಜನವರಿಯಲ್ಲಿ ಕೆಲಸ. ಸ್ಟ್ರೀಮ್ 8 ಅಂದರೆ ಎಂಟು ತಿಂಗಳು ಓದಿ ಮೇ ತಿಂಗಳಲ್ಲಿ ಮೊದಲ ಕೆಲಸ. ಹುಡುಗನಿಗೆ ಯಾವುದು ಬಂದಿದೆ ಅಂತ ಮೊದಲು ನೋಡಿ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಸ್ಟ್ರೀಮ್ 4 ಆದರೆ ವಿಮಾನ ಇಳಿದ ಸೆಪ್ಟೆಂಬರಿನಲ್ಲೇ ಕೆಲಸ ಹುಡುಕಬೇಕು. ಚಳಿಗೆ ಜಾಕೆಟ್ ಕೊಳ್ಳುವ ಮುಂಚೆ ರೆಸ್ಯೂಮೆ ಸಿದ್ಧ ಇರಬೇಕು.

ಕಾಲೇಜು ಕೆಲಸ ಕೊಡಿಸುವುದಿಲ್ಲ. ಕೆಲಸಗಳನ್ನು ವಾಟರ್‌ಲೂವರ್ಕ್ಸ್ ಎಂಬ ಪೋರ್ಟಲ್‌ನಲ್ಲಿ ಹಾಕುತ್ತದೆ, ಸಂದರ್ಶನದ ಏರ್ಪಾಡು ಮಾಡುತ್ತದೆ. ಅರ್ಜಿ ಹಾಕಿ ಗೆಲ್ಲಬೇಕಾದವನು ಹುಡುಗನೇ. ಡಿಗ್ರಿ ಕೈಗೆ ಬರಲು 6 ಕೆಲಸದ ಟರ್ಮ್‌ಗಳಲ್ಲಿ ಕನಿಷ್ಠ 5 ಪಾಸಾಗಿರಬೇಕು. ಹಾಗಾಗಿ ಒಂದು ಟರ್ಮ್ ಕೈತಪ್ಪಿದರೆ ಡಿಗ್ರಿ ಮುಳುಗುವುದಿಲ್ಲ, ಎರಡು ತಪ್ಪಿದರೆ ಕಷ್ಟ.

ಪೇಟೆಬೀದಿ

ಕೋ-ಆಪ್ ಅಂದ್ರೆ ಸೊಸೈಟಿ ಬ್ಯಾಂಕ್ ನೆನಪಾಗುತ್ತೆ 😄 ಆ ಹೆಸರು ಯಾಕೆ?

ಗ್ರ್ಯಾಂಡ್‌ನದಿ

ಕಾರ್ಖಾನೆಯೂ ಕಾಲೇಜೂ ಸೇರಿ ಕಲಿಸುವುದು ಅನ್ನುವ ಅರ್ಥದಲ್ಲಿ "ಕೋ-ಆಪರೇಟಿವ್ ಶಿಕ್ಷಣ". ಸಹಕಾರ ಸಂಘಕ್ಕೂ ಇದಕ್ಕೂ ನಂಟಿಲ್ಲ. 1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಎಂಬ ಪ್ರಾಧ್ಯಾಪಕರು 27 ವಿದ್ಯಾರ್ಥಿಗಳ ಜೊತೆ ಶುರು ಮಾಡಿದ್ದು. ವಿದ್ಯಾರ್ಥಿಗಳನ್ನು ಜೋಡಿ ಮಾಡಿ, ಒಬ್ಬ ತರಗತಿಯಲ್ಲಿದ್ದಾಗ ಇನ್ನೊಬ್ಬ ವರ್ಕ್‌ಶಾಪಿನಲ್ಲಿ, ವಾರಕ್ಕೊಮ್ಮೆ ಅದಲುಬದಲು. ಕಾರ್ಖಾನೆಯ ಯಂತ್ರ ಒಂದು ದಿನವೂ ಖಾಲಿ ಕೂರಬಾರದು ಅನ್ನುವುದೂ ಲೆಕ್ಕದಲ್ಲಿತ್ತು. ವಾಟರ್‌ಲೂ ಹುಟ್ಟಿದ್ದೇ ಈ ಪದ್ಧತಿಯ ಮೇಲೆ: 1957ರ ಜುಲೈನಲ್ಲಿ 74 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೊದಲ ತಂಡ. ಆಗ ಮೂರು ತಿಂಗಳ ಸರದಿ ಇತ್ತು, ಈಗ ನಾಲ್ಕು.

ಹುಬ್ಳಿ_ಮಿರ್ಚಿ

ಮಳೆ ಸರ, ಏಜೆಂಟರ ಮಾತು ಬದಿಗಿಡ್ರಿ. ಲೆಕ್ಕಾ ಹಾಕೋಣು ಬರ್ರಿ.

ಹೊರದೇಶದ ಹುಡುಗ್ರಿಗೆ ಎಂಜಿನಿಯರಿಂಗ್ ಫೀಸು ಎರಡು ಟರ್ಮಿಗೆ 60 ಸಾವಿರ ಡಾಲರ್ ದಾಟತೈತಿ. ಎಂಟು ಓದಿನ ಟರ್ಮಿಗೆ ಕಡಿಮಿ ಅಂದ್ರೂ 2 ಲಕ್ಷ 40 ಸಾವಿರ ಕೆನಡಾ ಡಾಲರ್. ಅದರ ಮ್ಯಾಲೆ ಕೋ-ಆಪ್ ಫೀಸು ಬ್ಯಾರೆ. ಓದಿನ ಟರ್ಮಿನ ಬಿಲ್ಲಿನಾಗ ಸುಮಾರು 700 ಡಾಲರ್ ಮ್ಯಾಲೆ ಬರತೈತಿ, ಕೆಲಸ ಸಿಕ್ಕರೂ ಸಿಗದಿದ್ರೂ ಕೊಡಬೇಕು.

ಇನ್ನ ಸಂಬಳ. ಒಂದು ಕೆಲಸದ ಟರ್ಮ್ ಅಂದ್ರ 16 ವಾರ. ವಾರಕ್ಕ 37.5 ತಾಸು ಹಿಡದ್ರ 600 ತಾಸು. ತಾಸಿಗೆ 22, 24, 27, 30, 34, 38 ಡಾಲರ್ ಅಂತ ಆರು ಟರ್ಮ್ ಏರಿಕೋತ ಹೋತು ಅಂತ ಇಟ್ಕೊಳ್ರಿ. ಇದು ನನ್ನ ಅಂದಾಜು, ಸಾಫ್ಟ್‌ವೇರ್ ಮಂದಿಗೆ ಇನ್ನೂ ಹೆಚ್ಚು ಸಿಗಬಹುದು, ಮೆಕ್ಯಾನಿಕಲ್‌ಗೆ ಇದು ಹದಾ. ಕೂಡಿಸಿದ್ರ 175, ಅದನ್ನ 600ಕ್ಕ ಗುಣಿಸಿದ್ರ 1 ಲಕ್ಷ 5 ಸಾವಿರ. ಕಡಿತದ ಮುಂಚಿನ ಮೊತ್ತ ಇದು, ಆರೂ ಟರ್ಮ್ ಕೆಲಸ ಸಿಕ್ಕರ.

ಖರ್ಚು? ಸ್ಟಡಿ ಪರ್ಮಿಟ್‌ಗೆ ಒಬ್ಬ ಹುಡುಗ ಫೀಸು ಬಿಟ್ಟು ಒಂದು ವರ್ಷದ ಜೀವನಕ್ಕ ತೋರಿಸಬೇಕಾದ ದುಡ್ಡು 2025ರ ಸೆಪ್ಟೆಂಬರ್ 1ರಿಂದ 22,895 ಡಾಲರ್. ಅದನ್ನ 56 ತಿಂಗಳಿಗೆ ಹಿಗ್ಗಿಸಿದ್ರ 1 ಲಕ್ಷ 6 ಸಾವಿರದ ಮ್ಯಾಲೆ.

ನೋಡ್ರಿ, ಎರಡೂ ಸಮಾ ಸಮಾ. ಅಂದ್ರ ಕೋ-ಆಪ್ ರೊಕ್ಕ ಊಟಕ್ಕ, ಬಾಡಿಗಿಗೆ, ಬಸ್ಸಿಗೆ ಆಕ್ಕೈತಿ. ಫೀಸಿಗೆ ಒಂದು ಪೈಸಾನೂ ಉಳಿಯಂಗಿಲ್ಲ. ಫೀಸಿನ ದಾರಿ ಪೂರಾ ಮನ್ಯಾಗ ಆಗಬೇಕು. ಮತ್ತ ಪರ್ಮಿಟ್ ಅರ್ಜಿಯೊಳಗ "ಮುಂದ ಕೋ-ಆಪ್ ಸಂಬಳ ಬರತೈತಿ" ಅಂತ ತೋರಿಸಿದ್ರ ಅದು ರೊಕ್ಕದ ಲೆಕ್ಕಕ್ಕ ಬರಂಗಿಲ್ಲ.

ಮಲ್ನಾಡ್‌ಮಳೆ

ಅಬ್ಬಾ. ಒಂದೇ ಏಟಿಗೆ ಏಜೆಂಟರ ಮಾತು ನೀರಿಗೆ ಬಿತ್ತು. ಆದರೆ ಕೆನಡಾ ಹುಡುಗರು ಕೋ-ಆಪ್‌ನಿಂದ ಸಾಲ ಇಲ್ಲದೆ ಮುಗಿಸ್ತಾರೆ ಅಂತ ಕೇಳಿದ್ದೆ?

ಹುಬ್ಳಿ_ಮಿರ್ಚಿ

ಅವರ ಫೀಸು ಇದರ ಮೂರನೇ ಒಂದು ಭಾಗಾನೂ ಇರಂಗಿಲ್ಲರಿ. ಅದಕ್ಕ ಅವರಿಗೆ ಆ ಮಾತು ಖರೆ. ಏಜೆಂಟರು ಅವರ ಲೆಕ್ಕಾನ ನಮಗ ಓದಿ ಹೇಳ್ತಾರ.

ಲೆಕ್ಕದಬುಕ್ಕು

ಮಿರ್ಚಿಯವರ ಲೆಕ್ಕಕ್ಕೆ ಒಂದು ತಿದ್ದುಪಡಿ. ಸಂಬಳದಲ್ಲಿ ಕಡಿತವಾದದ್ದರಲ್ಲಿ ದೊಡ್ಡ ಪಾಲು ವಾಪಸ್ ಬರುತ್ತದೆ, ಆದರೆ ತೆರಿಗೆ ವಿವರ ಸಲ್ಲಿಸಿದರೆ ಮಾತ್ರ.

2025ರ ದರದಲ್ಲಿ ನೋಡಿ. ತಾಸಿಗೆ 24 ಡಾಲರ್, ಎರಡು ವಾರಕ್ಕೊಮ್ಮೆ ಸಂಬಳ 1,800. ಮೂರು ಕಡಿತ ಇರುತ್ತವೆ. ಕೆನಡಾ ಪಿಂಚಣಿ ಯೋಜನೆ, ಅಂದರೆ ಸಿಪಿಪಿ, 5.95 ಪ್ರತಿಶತ. ಉದ್ಯೋಗ ವಿಮೆ 1.64 ಪ್ರತಿಶತ. ಮೂರನೆಯದು ಆದಾಯ ತೆರಿಗೆ. ಪೇರೋಲ್ ಸಾಫ್ಟ್‌ವೇರ್‌ಗೆ ಹುಡುಗ ನಾಲ್ಕೇ ತಿಂಗಳು ದುಡಿಯುತ್ತಾನೆ ಅಂತ ಗೊತ್ತಿಲ್ಲ. ವರ್ಷಪೂರ್ತಿ 1,800 ಬರುತ್ತದೆ ಅಂದುಕೊಂಡು, ಅಂದರೆ 46,800 ಆದಾಯದವನಿಗೆ ಹಿಡಿಯುವಷ್ಟು ತೆರಿಗೆ ಹಿಡಿಯುತ್ತದೆ. ಪ್ರತಿ ಸಂಬಳದಲ್ಲೂ ಸುಮಾರು 200 ಡಾಲರ್ ತೆರಿಗೆಗೇ ಹೋಗುತ್ತದೆ.

ಆ ವರ್ಷದ ನಿಜವಾದ ಆದಾಯ 14,400 ಮಾತ್ರ. ಕೇಂದ್ರ ತೆರಿಗೆಗೆ ಮೂಲ ವಿನಾಯಿತಿ 2025ಕ್ಕೆ 16,129. ಹಾಗಾಗಿ ಹಿಡಿದ ತೆರಿಗೆ ಹೆಚ್ಚುಕಡಿಮೆ ಪೂರ್ತಿ ಮರಳಿ ಬರುತ್ತದೆ. ಸಿಪಿಪಿಯಲ್ಲೂ ಒಂದು ಸಣ್ಣ ಗುಟ್ಟಿದೆ. ವರ್ಷಕ್ಕೆ ಮೊದಲ 3,500 ಡಾಲರ್‌ಗೆ ಸಿಪಿಪಿ ಇಲ್ಲ. ಕಂಪನಿ ಆ ವಿನಾಯಿತಿಯನ್ನು 26 ಸಂಬಳಕ್ಕೆ ಹಂಚುತ್ತದೆ, ಹುಡುಗನಿಗೆ ಸಿಗುವುದು 8 ಸಂಬಳ. ಹೀಗಾಗಿ ಸುಮಾರು 793 ಹಿಡಿದಿರುತ್ತಾರೆ, ಹಿಡಿಯಬೇಕಾದದ್ದು 649. ಆ 144 ಡಾಲರ್ ಕೂಡ ರಿಟರ್ನ್ ಹಾಕಿದಾಗ ಬರುತ್ತದೆ. ಉದ್ಯೋಗ ವಿಮೆಯ 236 ಮಾತ್ರ ಹೋದದ್ದು ಹೋಯಿತು. ಹದಿನೆಂಟು ತುಂಬುವವರೆಗೆ ಸಿಪಿಪಿ ಹಿಡಿಯುವಂತಿಲ್ಲ, ಪಿಯುಸಿ ಮುಗಿಸಿ ಹದಿನೇಳಕ್ಕೇ ಬಂದವರು ಸಂಬಳದ ಚೀಟಿಯಲ್ಲಿ ಇದನ್ನು ನೋಡಿಕೊಳ್ಳಬೇಕು.

ಕೆಲಸಕ್ಕೆ ಸೇರುವ ದಿನ ಟಿಡಿ1 ಅಂತ ಒಂದು ಫಾರ್ಮ್ ಕೊಡುತ್ತಾರೆ. ಅದರಲ್ಲಿ ಟ್ಯೂಷನ್ ಫೀಸಿನ, ಅಂದರೆ ಕಾಲೇಜು ಫೀಸಿನ, ಸಾಲು ಇದೆ. ಬಹಳ ಜನ ಹೆಸರು ಬರೆದು ಸಹಿ ಹಾಕಿ ಕೊಟ್ಟುಬಿಡುತ್ತಾರೆ. ಆ ಸಾಲನ್ನು ತುಂಬಿದರೆ ತೆರಿಗೆ ಮೊದಲೇ ಕಡಿಮೆ ಹಿಡಿಯುತ್ತಾರೆ, ಮುಂದಿನ ವರ್ಷದ ತನಕ ಕಾಯಬೇಕಿಲ್ಲ.

ಕಂಪನಿಯ ಟಿ4 ಚೀಟಿ (ವರ್ಷದ ಸಂಬಳ, ಕಡಿತದ ಲೆಕ್ಕ) ಫೆಬ್ರುವರಿ ಕೊನೆಗೆ ಬರುತ್ತದೆ. ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ಟಿ2202 (ಕಟ್ಟಿದ ಫೀಸಿನ ದಾಖಲೆ) ಸಿಗುತ್ತದೆ. ರಿಟರ್ನ್ ಹಾಕಲು ಏಪ್ರಿಲ್ 30 ಕೊನೆ ದಿನ. ಆದಾಯ ಸೊನ್ನೆ ಇದ್ದ ವರ್ಷವೂ ಹಾಕಿ. ಬಳಸದೆ ಉಳಿದ ಟ್ಯೂಷನ್ ಕ್ರೆಡಿಟ್ (ಕಟ್ಟಿದ ಫೀಸಿಗೆ ಸಿಗುವ ತೆರಿಗೆ ರಿಯಾಯಿತಿ) ಮುಂದಿನ ವರ್ಷಗಳಿಗೆ ಸಾಗಬೇಕಾದರೆ ಅದು ದಾಖಲಾಗಿರಬೇಕು. ಅಷ್ಟು ಫೀಸು ಕಟ್ಟಿದವರಿಗೆ ಡಿಗ್ರಿ ಮುಗಿದು ಪೂರ್ಣಾವಧಿ ಕೆಲಸ ಸಿಕ್ಕಾಗ ಅದೇ ದೊಡ್ಡ ಗಂಟು.

ಗ್ರ್ಯಾಂಡ್‌ನದಿ

ಒಂದೇ ಕ್ಯಾಲೆಂಡರ್ ವರ್ಷದಲ್ಲಿ ಎರಡು ಕೆಲಸದ ಟರ್ಮ್ ಬಿದ್ದರೆ? ಸ್ಟ್ರೀಮ್ 4ರಲ್ಲಿ ಮೊದಲ ಜನವರಿ–ಏಪ್ರಿಲ್, ಮತ್ತೆ ಅದೇ ವರ್ಷದ ಸೆಪ್ಟೆಂಬರ್–ಡಿಸೆಂಬರ್ ಎರಡೂ ಕೆಲಸವೇ.

ಲೆಕ್ಕದಬುಕ್ಕು

ಒಳ್ಳೆ ಪ್ರಶ್ನೆ. ಆಗ ಆದಾಯ 28–29 ಸಾವಿರಕ್ಕೆ ಏರುತ್ತದೆ. ಕೇಂದ್ರ ತೆರಿಗೆಯನ್ನು ಟ್ಯೂಷನ್ ಕ್ರೆಡಿಟ್ ನುಂಗಿಹಾಕುತ್ತದೆ. ವಿಶ್ವವಿದ್ಯಾಲಯ ಇರುವ ಒಂಟಾರಿಯೋ ಪ್ರಾಂತ್ಯ ಮಾತ್ರ ತನ್ನ ಟ್ಯೂಷನ್ ಕ್ರೆಡಿಟ್ಟನ್ನು 2017ರ ಸೆಪ್ಟೆಂಬರ್‌ನಿಂದ ನಿಲ್ಲಿಸಿದೆ, ಆದ್ದರಿಂದ ಪ್ರಾಂತ್ಯದ ಬಾಬ್ತು ಒಂದಿಷ್ಟು ಕಟ್ಟಬೇಕಾಗಬಹುದು. "ಹೋದ ಸಲ ಎಲ್ಲ ವಾಪಸ್ ಬಂತು, ಈ ಸಲ ಯಾಕಿಲ್ಲ?" ಅನ್ನುವ ಗೊಂದಲಕ್ಕೆ ಕಾರಣ ಇದೇ.

ಶಾಯಿಪೆನ್ನು

ರ‍್ಯಾಂಕಿಂಗ್ ಬಗ್ಗೆ ಇನ್ನೂ ಯಾರೂ ಹೇಳಿಲ್ಲ. ಜಾಣ ಹುಡುಗರೂ ಅಲ್ಲೇ ಎಡವುತ್ತಾರೆ.

ನಮ್ಮ ಪ್ಲೇಸ್‌ಮೆಂಟ್‌ನಲ್ಲಿ ಕಂಪನಿ ಆಫರ್ ಕೊಟ್ಟರೆ ಒಪ್ಪುವುದೋ ಬಿಡುವುದೋ ಅಷ್ಟೇ. ಇಲ್ಲಿ ಸಂದರ್ಶನ ಮುಗಿದ ಮೇಲೆ ಕಂಪನಿ ಒಂದು ಹುದ್ದೆಗೆ ಒಬ್ಬರಿಗೆ "ಆಫರ್" ಎಂದು ಗುರುತು ಹಾಕುತ್ತದೆ, ಅದು 1. ಒಪ್ಪಿಗೆಯಾದ ಉಳಿದವರು "ರ‍್ಯಾಂಕ್ಡ್", ಅವರಿಗೆ 2, 3, 4 ಹೀಗೆ. ಬೇಡವಾದವರಿಗೆ ನಂಬರ್ ಇಲ್ಲ. ವಿದ್ಯಾರ್ಥಿಗೆ "ಆಫರ್" ಅಥವಾ "ರ‍್ಯಾಂಕ್ಡ್" ಎಂಬ ಪದ ಮಾತ್ರ ಕಾಣುತ್ತದೆ, ತಾನು ಎರಡನೆಯವನೋ ಐದನೆಯವನೋ ಗೊತ್ತಾಗುವುದಿಲ್ಲ. ವಿದ್ಯಾರ್ಥಿಯೂ ತನ್ನ ಕಡೆಯಿಂದ ನಂಬರ್ ಕೊಡಬೇಕು, ಅಥವಾ "ಆಸಕ್ತಿ ಇಲ್ಲ" ಎನ್ನಬೇಕು. ಎರಡೂ ನಂಬರ್ ಕೂಡಿಸಿ, ಮೊತ್ತ ಕಡಿಮೆ ಇದ್ದ ಜೋಡಿಯನ್ನು ಕಂಪ್ಯೂಟರ್ ಮೊದಲು ಕಟ್ಟುತ್ತದೆ.

ಉದಾಹರಣೆಗೆ ಕ ಕಂಪನಿಯಿಂದ ಆಫರ್ ಇದೆ, ಖ ಕಂಪನಿಯಿಂದ ರ‍್ಯಾಂಕ್ಡ್. ಹುಡುಗನಿಗೆ ಖ ಇಷ್ಟ.

ಕಗೆ 1 ಕೊಟ್ಟರೆ 1+1=2. ಅದಕ್ಕಿಂತ ಕಡಿಮೆ ಮೊತ್ತ ಇಲ್ಲವೇ ಇಲ್ಲ, ಕೆಲಸ ಖಂಡಿತ.

ಖಗೆ 1, ಕಗೆ 2 ಕೊಟ್ಟ ಅಂತಿಟ್ಟುಕೊಳ್ಳಿ. ಖದಲ್ಲಿ ಆಫರ್ ಸಿಕ್ಕ ಇನ್ನೊಬ್ಬಳು ಅದಕ್ಕೆ 1 ಕೊಟ್ಟಿದ್ದರೆ ಆ ಹುದ್ದೆ ಹೋಯಿತು. ಈಗ ಕದಲ್ಲಿ ಇವನ ಮೊತ್ತ 1+2=3. ಆದರೆ ಕದಲ್ಲಿ ಎರಡನೆಯ ಸ್ಥಾನದಲ್ಲಿದ್ದ ಮತ್ತೊಬ್ಬ ಕಗೆ 1 ಕೊಟ್ಟಿದ್ದರೆ ಅವನದೂ 2+1=3. ಸಮ ಆಯಿತು. ಕೈಯಲ್ಲಿದ್ದ ಆಫರ್ ಅವನ ಪಾಲಾಗಬಹುದು, ಇವನು ಎರಡೂ ಕಡೆ ಖಾಲಿ.

ಆದ್ದರಿಂದ ಮೊದಲ ಕೆಲಸದ ಟರ್ಮ್‌ನಲ್ಲಿ ಆಫರ್ ಕಂಡರೆ 1 ಕೊಟ್ಟು ಮುಗಿಸಿ. ನಾಲ್ಕನೆಯ, ಐದನೆಯ ಟರ್ಮ್‌ನಲ್ಲಿ ಬೇಕಾದರೆ ಜೂಜಾಡಲಿ. ಇನ್ನೊಂದು: ಜೋಡಿ ಬಿದ್ದ ಮೇಲೆ ಅದು ಒಪ್ಪಂದ. ಆಮೇಲೆ ಚೆನ್ನಾಗಿರುವ ಕೆಲಸ ಬೇರೆಡೆ ಸಿಕ್ಕಿತು ಅಂತ ಬಿಟ್ಟರೆ ಆ ಟರ್ಮ್ ಫೇಲ್ ಆಗುವ ಮಟ್ಟದ ಶಿಕ್ಷೆ ಇದೆ. ಇಷ್ಟವೇ ಇಲ್ಲದ ಕೆಲಸಕ್ಕೆ "ಇರಲಿ" ಅಂತ ನಂಬರ್ ಕೊಡಬೇಡಿ.

ಮಲ್ನಾಡ್‌ಮಳೆ

ಇದು ಸಿಇಟಿ ಆಪ್ಷನ್ ಎಂಟ್ರಿಗಿಂತ ಜಟಿಲ! ಜೋಡಿ ಬೀಳದಿದ್ದರೆ?

ಶಾಯಿಪೆನ್ನು

ಆಟ ಮುಗಿಯುವುದಿಲ್ಲ. ಆಮೇಲೂ ಪೋರ್ಟಲ್‌ನಲ್ಲಿ ಹೊಸ ಕೆಲಸ ಬರುತ್ತಲೇ ಇರುತ್ತವೆ. ಹೊರಗಿನಿಂದ ತಾನೇ ಹುಡುಕಿದ ಕೆಲಸವನ್ನೂ ಒಪ್ಪಿಸಬಹುದು, ಆದರೆ ಸೇರುವ ಮುಂಚೆಯೇ ಕೋ-ಆಪ್ ಕಚೇರಿಯ ಮಂಜೂರಾತಿ ಬೇಕು: ಕೆಲಸದ ವಿವರ, ತಾಸು, ಸಂಬಳ, ಮೇಲ್ವಿಚಾರಕರು ಯಾರು, ಓದಿಗೆ ಸಂಬಂಧ ಏನು. ಸೇರಿ ಒಂದು ತಿಂಗಳಾದ ಮೇಲೆ ಹೋಗಿ ಕೇಳಿದರೆ ಕಷ್ಟ. ಕೆನಡಾದ ಕೋ-ಆಪ್ ಮಾನದಂಡದ ಪ್ರಕಾರ ಒಂದು ಟರ್ಮ್ ಎನಿಸಿಕೊಳ್ಳಲು ಕನಿಷ್ಠ 12 ವಾರ, 420 ತಾಸು ಬೇಕು. ಅಂದರೆ ಜನವರಿ ಮುಗಿಯುವ ತನಕ ಕೆಲಸ ಸಿಕ್ಕರೂ ಟರ್ಮ್ ಉಳಿಸಿಕೊಳ್ಳಬಹುದು. ಡಿಸೆಂಬರ್‌ನಲ್ಲೇ ಕೈಚೆಲ್ಲುವವರು ಈ ಲೆಕ್ಕ ಮರೆತಿರುತ್ತಾರೆ.

ರೆಸ್ಯೂಮೆ ಒಂದೇ ಪುಟ. ಫೋಟೋ, ಹುಟ್ಟಿದ ದಿನ, ತಂದೆಯ ಹೆಸರು, ಧರ್ಮ, ಎಸ್ಸೆಸ್ಸೆಲ್ಸಿ ಪರ್ಸೆಂಟೇಜು ಎಲ್ಲ ಬೇಡ. ಕೊನೆಗೆ "ಮೇಲಿನ ವಿವರಗಳು ಸತ್ಯ" ಅನ್ನುವ ನಮ್ಮ ಡಿಕ್ಲರೇಷನ್, ಸ್ಥಳ, ದಿನಾಂಕ, ಸಹಿ ಅಂತೂ ಬೇಡವೇ ಬೇಡ. ಮೊದಲ ಟರ್ಮ್‌ನವರಿಗೆ ಅನುಭವ ಇರುವುದಿಲ್ಲ, ಅದು ಕಂಪನಿಗೂ ಗೊತ್ತು. ಅವರು ನೋಡುವುದು ಕೈಯಿಂದ ಏನು ಮಾಡಿದ್ದಾನೆ ಅಂತ. "ಸಾಲಿಡ್‌ವರ್ಕ್ಸ್ ಬಲ್ಲೆ" ಅನ್ನುವುದಕ್ಕಿಂತ "12 ಬಿಡಿಭಾಗಗಳ ಗೇರ್‌ಬಾಕ್ಸ್ ಮಾಡೆಲ್ ಮಾಡಿ, 3ಡಿ ಪ್ರಿಂಟ್ ಹಾಕಿ, ರಂಧ್ರಗಳು 0.2 ಮಿಮೀ ಕಿರಿದಾಗಿ ಬಂದದ್ದನ್ನು ತಿದ್ದಿದೆ" ಅನ್ನುವ ಸಾಲು ಕೆಲಸ ಮಾಡುತ್ತದೆ. ಅರ್ಜಿಯ ಜೊತೆ ಅಂಕಪಟ್ಟಿಯೂ ಹಿಂದಿನ ಟರ್ಮ್‌ಗಳ ಕೆಲಸದ ದಾಖಲೆಯೂ ಹೋಗುತ್ತವೆ, ಹಾಗಾಗಿ ಓದನ್ನು ಬದಿಗಿಟ್ಟು ಕೆಲಸ ಹುಡುಕುವ ಹಾಗಿಲ್ಲ. ಕರ್ಮಕ್ಕೆ ಸಂದರ್ಶನ ಮತ್ತು ಮಿಡ್‌ಟರ್ಮ್ ಎರಡೂ ಒಟ್ಟಿಗೇ ಬರುತ್ತವೆ.

ಗಡಿದಾಟು

ಪರ್ಮಿಟ್ ವಿಷಯ. ವಾರಕ್ಕೆ 24 ತಾಸಿನ ಹೊರಗೆಲಸದ ಮಿತಿ (2024ರ ನವೆಂಬರ್ 8ರಿಂದ, ಅದಕ್ಕೂ ಮುಂಚೆ 20) ಬೇರೆ, ಕೋ-ಆಪ್ ಬೇರೆ. ಎರಡನ್ನೂ ಕಲಸಬೇಡಿ. ಕೋ-ಆಪ್ ಪೂರ್ಣಾವಧಿ ಕೆಲಸ, ಅದಕ್ಕೆ ತಾಸಿನ ಮಿತಿ ಇಲ್ಲ. 2025ರ ತನಕ ನಡೆದುಬಂದ ಕ್ರಮದಲ್ಲಿ ಸ್ಟಡಿ ಪರ್ಮಿಟ್ ಜೊತೆಗೆ ಪ್ರತ್ಯೇಕ ಕೋ-ಆಪ್ ವರ್ಕ್ ಪರ್ಮಿಟ್ ಬೇಕಿತ್ತು. ಅದಕ್ಕೆ ಶುಲ್ಕ ಇರಲಿಲ್ಲ, "ಕೆಲಸ ಡಿಗ್ರಿಯ ಕಡ್ಡಾಯ ಭಾಗ" ಎಂಬ ಕಾಲೇಜಿನ ಪತ್ರ ಬೇಕಿತ್ತು, ಕೆಲಸ ಇಡೀ ಕೋರ್ಸಿನ ಅರ್ಧಕ್ಕಿಂತ ಹೆಚ್ಚಿರಬಾರದು. 56ರಲ್ಲಿ 24 ತಿಂಗಳು, ಹಾಗಾಗಿ ಇಲ್ಲಿ ತೊಂದರೆ ಇಲ್ಲ. ಈ ಎರಡನೇ ಪರ್ಮಿಟ್ಟನ್ನೇ ಕೈಬಿಡುವ ಬದಲಾವಣೆ ಸರ್ಕಾರದ ಪಟ್ಟಿಯಲ್ಲಿತ್ತು, ಆದ್ದರಿಂದ ಅರ್ಜಿ ಹಾಕುವ ದಿನ ವಲಸೆ ಇಲಾಖೆಯ ಪುಟವನ್ನೇ ನೋಡಿ, ಏಜೆಂಟರ ಹಳೆಯ ಪಿಡಿಎಫ್ ನಂಬಬೇಡಿ.

ಸಾಮಾನ್ಯವಾಗಿ ಆಗುವ ಎಡವಟ್ಟು: ಪಾಸ್‌ಪೋರ್ಟ್ ಎರಡು ವರ್ಷದಲ್ಲಿ ಮುಗಿಯುತ್ತಿದ್ದರೆ ಪರ್ಮಿಟ್ ಕೂಡ ಅಲ್ಲಿಗೇ ನಿಲ್ಲುತ್ತದೆ. ಹೊರದೇಶದವರ ಸಿನ್ (ಕೆನಡಾದ ಸಾಮಾಜಿಕ ವಿಮೆ) ಸಂಖ್ಯೆ 9ರಿಂದ ಶುರುವಾಗುತ್ತದೆ, ಪರ್ಮಿಟ್ ಮುಗಿದ ದಿನವೇ ಅದರ ಅವಧಿಯೂ ಮುಗಿಯುತ್ತದೆ. ಸಿನ್ ಇಲ್ಲದೆ ಪೇರೋಲ್ ಹತ್ತುವುದಿಲ್ಲ. ಬೆಂಗಳೂರಿನಲ್ಲಿರುವಾಗಲೇ ಪಾಸ್‌ಪೋರ್ಟ್ ನವೀಕರಿಸಿ ಐದು ವರ್ಷ ಅವಧಿ ಉಳಿಯುವಂತೆ ಮಾಡಿಕೊಂಡರೆ ಮುಂದೆ ಮೂರು ಕಚೇರಿಯ ಅಲೆದಾಟ ತಪ್ಪುತ್ತದೆ.

ಪಿಆರ್ (ಕಾಯಂ ವಾಸದ ಹಕ್ಕು) ಕನಸಿದ್ದವರಿಗೆ: ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದಾಗ ಮಾಡಿದ ಕೆಲಸ, ಕೋ-ಆಪ್ ಸೇರಿ, ಕೆನಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್ (ಕೆನಡಾದ ಕೆಲಸದ ಅನುಭವದ ಮೇಲೆ ಪಿಆರ್ ಕೊಡುವ ವರ್ಗ) ಲೆಕ್ಕಕ್ಕೆ ಬರುವುದಿಲ್ಲ. ಎರಡು ವರ್ಷ ದುಡಿದರೂ ಅಲ್ಲಿ ಸೊನ್ನೆ. ಡಿಗ್ರಿ ಮುಗಿದ ಮೇಲಿನ ವರ್ಕ್ ಪರ್ಮಿಟ್‌ನಲ್ಲಿ ಗಡಿಯಾರ ಹೊಸದಾಗಿ ಶುರು.

ಹುಬ್ಳಿ_ಮಿರ್ಚಿ

ಪೋರ್ಟಲ್‌ನಾಗ ಕೆಲವು ಕೆಲಸಕ್ಕ "ಪೌರರು, ಪಿಆರ್ ಇದ್ದವರು ಮಾತ್ರ" ಅಂತ ಬರದಿರತಾರಲ್ಲ, ಅದು ಭೇದಭಾವ ಅಲ್ಲೇನು?

ಗಡಿದಾಟು

ಬಹುಪಾಲು ಅದು ಸಬ್ಸಿಡಿಯ ಲೆಕ್ಕ. ಕೇಂದ್ರ ಸರ್ಕಾರದ ವಿದ್ಯಾರ್ಥಿ ಉದ್ಯೋಗ ಯೋಜನೆಯಲ್ಲಿ ಕಂಪನಿಗೆ ಸಂಬಳದ ಅರ್ಧ, ಗರಿಷ್ಠ 5,000 ಡಾಲರ್ ತನಕ ವಾಪಸ್ ಸಿಗುತ್ತದೆ. ಕೆಲವು ವರ್ಗದ ವಿದ್ಯಾರ್ಥಿಗಳಿಗೆ 70 ಪ್ರತಿಶತ, 7,000 ತನಕ. ಹೊರದೇಶದ ವಿದ್ಯಾರ್ಥಿಗೆ ಇದು ಇಲ್ಲ. ಸಣ್ಣ ಕಂಪನಿಗೆ ಐದು ಸಾವಿರ ದೊಡ್ಡ ಮೊತ್ತ. ರಕ್ಷಣಾ, ಅಣುವಿದ್ಯುತ್ ಕೆಲಸಗಳಲ್ಲಿ ಭದ್ರತಾ ತಪಾಸಣೆಯ ಕಾರಣವೂ ಇರುತ್ತದೆ.

ಒಂಟಾರಿಯೋದ್ದೇ ಇನ್ನೊಂದು ಇದೆ, ಕೋ-ಆಪ್ ತೆರಿಗೆ ರಿಯಾಯಿತಿ: ಖರ್ಚಿನ 25 ಪ್ರತಿಶತ, ಸಣ್ಣ ಕಂಪನಿಗೆ 30, ಒಬ್ಬ ವಿದ್ಯಾರ್ಥಿಯ ಒಂದು ಟರ್ಮ್‌ಗೆ ಗರಿಷ್ಠ 3,000 ಡಾಲರ್. ಇದು ಪೌರತ್ವ ನೋಡಿ ಕೊಡುವ ಸಬ್ಸಿಡಿಯಲ್ಲ, ಕೋ-ಆಪ್ ಕೋರ್ಸು ನೋಡಿ ಕೊಡುವುದು. ತಾನೇ ಕೆಲಸ ಹುಡುಕುವ ಹುಡುಗ ಸಣ್ಣ ವರ್ಕ್‌ಶಾಪ್ ಮಾಲೀಕರ ಹತ್ತಿರ ಇದನ್ನು ಹೇಳಿದರೆ ಮಾತು ಮುಂದೆ ಹೋಗುತ್ತದೆ. ಎಷ್ಟೋ ಮಾಲೀಕರಿಗೆ ಇದು ಇದೆಯೆಂದೇ ಗೊತ್ತಿಲ್ಲ.

ಕರಾವಳಿ_ಬೋಲ್ಟ್

ಎಲ್ಲ ಸರಿ ಮಾರಾಯ್ರೆ, ಮೆಕ್ಯಾನಿಕಲ್ ಹುಡುಗನಿಗೆ ಕೆಲಸ ಎಲ್ಲಿ ಸಿಗುತ್ತದೆ ಅಂತ ಯಾರೂ ಹೇಳಲಿಲ್ಲ. ಸಾಫ್ಟ್‌ವೇರಿನವರ ಹಾಗೆ ಟೊರೊಂಟೊ ಡೌನ್‌ಟೌನಿನಲ್ಲಿ ಅಲ್ಲ. ಕೇಂಬ್ರಿಜ್, ಗ್ವೆಲ್ಫ್, ವುಡ್‌ಸ್ಟಾಕ್, ವಿಂಡ್ಸರ್ ಕಡೆಯ ವಾಹನ ಮತ್ತು ಬಿಡಿಭಾಗದ ಕಾರ್ಖಾನೆಗಳು, ಡಾರ್ಲಿಂಗ್ಟನ್, ಪಿಕರಿಂಗ್ ಅಣುಸ್ಥಾವರದ ಸುತ್ತಮುತ್ತ, ಸಣ್ಣ ಪೇಟೆಗಳ ಆಹಾರ ಸಂಸ್ಕರಣಾ ಘಟಕಗಳು. ಶಿಫ್ಟ್ ಬೆಳಿಗ್ಗೆ ಆರಕ್ಕೋ ಏಳಕ್ಕೋ. ಆ ಹೊತ್ತಿಗೆ ಅಲ್ಲಿಗೆ ಬಸ್ಸೇ ಇಲ್ಲ. ರ‍್ಯಾಂಕ್ ಕೊಡುವ ಮುಂಚೆ ಮ್ಯಾಪ್ ತೆಗೆದು "ಬೆಳಿಗ್ಗೆ 5.30ಕ್ಕೆ ಹೊರಟರೆ" ಅಂತ ಹಾಕಿ ನೋಡಿ, ಮಧ್ಯಾಹ್ನದ ಹೊತ್ತಿನ ಬಸ್ಸು ನೋಡಿ ಮೋಸಹೋಗಬೇಡಿ.

ಹದಿನೆಂಟು ತುಂಬಿ ಊರಲ್ಲಿ ಕಾರಿನ ಲೈಸೆನ್ಸ್ ಮಾಡಿಸಿಕೊಂಡಿದ್ದರೆ ಮೂಲ ಕಾರ್ಡ್ ತನ್ನಿ. ಒಂಟಾರಿಯೋದಲ್ಲಿ ಜಿ1 (ಕಲಿಕಾ ಲೈಸೆನ್ಸಿನ ಪರೀಕ್ಷೆ) ಬರೆದ ಮೇಲೆ ಜಿ2 ರಸ್ತೆ ಪರೀಕ್ಷೆಗೆ 12 ತಿಂಗಳು ಕಾಯಬೇಕು, ಮಂಜೂರಾದ ಡ್ರೈವಿಂಗ್ ಶಾಲೆಗೆ ಹೋದರೆ 8. ಹೊರದೇಶದ ಚಾಲನಾ ಅನುಭವ ತೋರಿಸಿದರೆ ಆ ಕಾಯುವಿಕೆ ಕಡಿಮೆಯಾಗುತ್ತದೆ.

ಕಾರ್ಖಾನೆಗೆ ಸ್ಟೀಲ್ ಟೋ ಶೂ ಬೇಕು. ಅಡಿಭಾಗ ಚುಚ್ಚದಂಥದ್ದು, ಹಸಿರು ತ್ರಿಕೋನದ ಸಿಎಸ್‌ಎ ಗುರುತು ಇರುವಂಥದ್ದು. ಬೆಂಗಳೂರಿನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಐಎಸ್‌ಐ ಗುರುತಿನದ್ದು ತಂದರೆ ಗೇಟಿನಲ್ಲೇ ವಾಪಸ್.

ಕಾನೂನಿನ ಒಂದು ಸಂಗತಿ ತುಂಬ ಮುಖ್ಯ. ಒಂಟಾರಿಯೋದ ಉದ್ಯೋಗ ಮಾನದಂಡ ಕಾಯ್ದೆ, ಅಂದರೆ ಕನಿಷ್ಠ ವೇತನ, ಓವರ್‌ಟೈಮ್, ರಜೆಯ ಸಂಬಳ ಎಲ್ಲ ಹೇಳುವ ಕಾಯ್ದೆ, ವಿಶ್ವವಿದ್ಯಾಲಯ ಮಂಜೂರು ಮಾಡಿದ ಕಾರ್ಯಕ್ರಮದಡಿ ಕೆಲಸ ಮಾಡುವ ವಿದ್ಯಾರ್ಥಿಗೆ ಅನ್ವಯಿಸುವುದಿಲ್ಲ! ಆದ್ದರಿಂದ ಆಫರ್ ಲೆಟರಿನಲ್ಲಿ ಏನಿದೆಯೋ ಅದೇ ಕಾನೂನು. ವಾರಕ್ಕೆ ಎಷ್ಟು ತಾಸು, 44 ದಾಟಿದರೆ ಓವರ್‌ಟೈಮ್ ಉಂಟೋ, ಶೇಕಡ 4ರ ರಜೆಯ ಸಂಬಳ ತಾಸಿನ ದರದಲ್ಲಿ ಸೇರಿದೆಯೋ ಮೇಲಿನದ್ದೋ, ಸರ್ಕಾರಿ ರಜೆಯ ದಿನಕ್ಕೆ ಸಂಬಳ ಉಂಟೋ, ಎಲ್ಲ ಕೇಳಿ ಬರೆಸಿಕೊಳ್ಳಿ. ಬ್ಯಾಂಕು, ಟೆಲಿಕಾಂ, ರೈಲು, ವಿಮಾನ ಕಂಪನಿಗಳು ಕೇಂದ್ರದ ಕಾರ್ಮಿಕ ಸಂಹಿತೆಯಡಿ ಬರುತ್ತವೆ, ಅಲ್ಲಿ ಲೆಕ್ಕ ಬೇರೆ.

ಆದರೆ ಸುರಕ್ಷತಾ ಕಾಯ್ದೆ ವಿದ್ಯಾರ್ಥಿಗೂ ಪೂರ್ತಿ ಅನ್ವಯಿಸುತ್ತದೆ. ಯಂತ್ರದ ಗಾರ್ಡ್ ತೆಗೆದಿದ್ದಾರೆ, ಲಾಕ್‌ಔಟ್ (ಯಂತ್ರದ ವಿದ್ಯುತ್ ಕಡಿದು ಬೀಗ ಹಾಕುವುದು) ಮಾಡದೆ ಒಳಗೆ ಕೈ ಹಾಕು ಅಂತಾರೆ ಅಂದರೆ "ಇದು ಅಪಾಯ, ಮಾಡುವುದಿಲ್ಲ" ಅನ್ನುವ ಹಕ್ಕು ಅವನಿಗೂ ಉಂಟು. ನಮ್ಮ ಮಕ್ಕಳು ಹಿರಿಯರಿಗೆ ಎದುರಾಡಬಾರದು ಅಂತ ಸುಮ್ಮನಿರುತ್ತಾರೆ. ಲೇತ್ ಮುಂದೆ ಆ ಸಂಕೋಚ ಬೇಡ.

ಶಾಯಿಪೆನ್ನು

ಬೋಲ್ಟ್ ಅವರ ಮಾತಿಗೆ ಸೇರಿಸುತ್ತೇನೆ. ಟರ್ಮ್ ಕೊನೆಗೆ ಕಂಪನಿ ಒಂದು ಮೌಲ್ಯಮಾಪನ ಕೊಡುತ್ತದೆ. ಏಳು ಮೆಟ್ಟಿಲು: ಔಟ್‌ಸ್ಟ್ಯಾಂಡಿಂಗ್, ಎಕ್ಸಲೆಂಟ್, ವೆರಿ ಗುಡ್, ಗುಡ್, ಸ್ಯಾಟಿಸ್‌ಫ್ಯಾಕ್ಟರಿ, ಮಾರ್ಜಿನಲ್, ಅನ್‌ಸ್ಯಾಟಿಸ್‌ಫ್ಯಾಕ್ಟರಿ. "ಗುಡ್" ಅಂದರೆ ನಮ್ಮ ಕಿವಿಗೆ ಚೆನ್ನಾಗಿದೆ ಅನಿಸುತ್ತದೆ, ಆದರೆ ಅದು ನಡು ಮೆಟ್ಟಿಲು. ಮೊದಲ ವಾರವೇ ಮೇಲ್ವಿಚಾರಕರ ಹತ್ತಿರ "ಎಕ್ಸಲೆಂಟ್ ಸಿಗಬೇಕಾದರೆ ಈ ನಾಲ್ಕು ತಿಂಗಳಲ್ಲಿ ಏನೇನು ಮುಗಿದಿರಬೇಕು?" ಅಂತ ಕೇಳಿ ಬರೆದಿಟ್ಟುಕೊಳ್ಳಲಿ, ಎಂಟನೆಯ ವಾರ ಅದೇ ಪಟ್ಟಿ ಹಿಡಿದು ಮತ್ತೆ ಕೂರಲಿ. ಕೆಲಸ ಮುಗಿದಾಗ ಸುಮ್ಮನೆ ಕೂತಿರುವುದು ನಮ್ಮವರ ಮೇಲೆ ಕೇಳಿಬರುವ ದೂರು. ಇನ್ನೊಬ್ಬರು ಹೇಳಲಿ ಅಂತ ಕಾಯುತ್ತಾರೆ.

ವರ್ಕ್ ರಿಪೋರ್ಟ್ ಬರೆಯುವ ಟರ್ಮ್ ಆದರೆ ಕಂಪನಿಯ ಡ್ರಾಯಿಂಗ್, ಅಂಕಿಅಂಶ ಬಳಸಲು ಅನುಮತಿ ಎರಡನೇ ತಿಂಗಳೇ ತೆಗೆದುಕೊಳ್ಳಿ. ಕೊನೆಯ ವಾರ ಕೇಳಿದರೆ ಕಾನೂನು ವಿಭಾಗದ ಮೇಜಿನಲ್ಲಿ ಕೂರುತ್ತದೆ.

ಪೇಟೆಬೀದಿ

ಅಮೆರಿಕದಲ್ಲಿ ಕೋ-ಆಪ್ ಮಾಡಬಹುದಾ? ಅಲ್ಲಿ ಡಾಲರ್ ದಪ್ಪ.

ಗಡಿದಾಟು

ಮಾಡಬಹುದು, ಜೆ-1 ಇಂಟರ್ನ್ ವೀಸಾ. ಭಾರತದ ಪಾಸ್‌ಪೋರ್ಟ್ ಇದ್ದರೂ ಅಮೆರಿಕದ ಹೊರಗಿನ ಕಾಲೇಜಿನಲ್ಲಿ ಓದುತ್ತಿದ್ದರೆ ಅರ್ಹ. ಸ್ಪಾನ್ಸರ್ ಸಂಸ್ಥೆಯ ಮೂಲಕ ಡಿಎಸ್-7002 ತರಬೇತಿ ಯೋಜನೆ ಕಂಪನಿಯೇ ತುಂಬಬೇಕು, ಅದರ ಮೇಲೆ ಡಿಎಸ್-2019 ಎಂಬ ಅರ್ಹತಾ ಪತ್ರ ಬರುತ್ತದೆ, ಸೆವಿಸ್ ಶುಲ್ಕ 220 ಡಾಲರ್. ಕೆನಡಾದ ಪೌರನಿಗೆ ಇಷ್ಟರಲ್ಲಿ ಗಡಿ ದಾಟಬಹುದು. ಭಾರತೀಯನಿಗೆ ಕಾನ್ಸುಲೇಟಿನಲ್ಲಿ ಸಂದರ್ಶನ, ಸ್ಟ್ಯಾಂಪ್ ಬೇಕು. ಆ ಅಪಾಯಿಂಟ್‌ಮೆಂಟ್ ಸಿಗದೆ ಟರ್ಮ್ ಕೈತಪ್ಪುವ ಅಪಾಯ ಇದೆ. ಮೊದಲೆರಡು ಟರ್ಮ್‌ಗೆ ಇದರ ಗೋಜು ಬೇಡ. ಒಂದು ಸಮಾಧಾನ: ಎರಡು ವರ್ಷ ತಾಯ್ನಾಡಿನಲ್ಲಿ ಇರಲೇಬೇಕೆಂಬ ಜೆ-1 ಷರತ್ತಿನ ಕೌಶಲಪಟ್ಟಿಯಿಂದ 2024ರ ಡಿಸೆಂಬರ್‌ನಲ್ಲಿ ಭಾರತವನ್ನು ತೆಗೆದಿದ್ದಾರೆ.

ಟೂ_ಬಿಎಚ್‌ಕೆ

ಬಾಡಿಗೆ. ನಾಲ್ಕು ತಿಂಗಳಿಗೊಮ್ಮೆ ಊರು ಬದಲಾಗುತ್ತದೆ, ಆದರೆ ವಾಟರ್‌ಲೂ ಮನೆ ಮಾಲೀಕರು 12 ತಿಂಗಳ ಕರಾರು ಕೇಳುತ್ತಾರೆ. ಕೆಲಸಕ್ಕೆ ಹೋದ ನಾಲ್ಕು ತಿಂಗಳು ಎರಡು ಬಾಡಿಗೆ ಬಿದ್ದರೆ ಮಿರ್ಚಿಯವರ ಲೆಕ್ಕ ತಲೆಕೆಳಗು. ದಾರಿ ಅಂದರೆ ಸಬ್ಲೆಟ್, ಅಂದರೆ ನಮ್ಮ ಕೋಣೆಯನ್ನು ಇನ್ನೊಬ್ಬರಿಗೆ ಒಳಬಾಡಿಗೆಗೆ ಕೊಡುವುದು. ಒಂಟಾರಿಯೋದಲ್ಲಿ ಮಾಲೀಕರ ಒಪ್ಪಿಗೆ ಬೇಕು, ಆದರೆ ಅವರು ಸಕಾರಣವಿಲ್ಲದೆ ನಿರಾಕರಿಸುವಂತಿಲ್ಲ. ಮೇ–ಆಗಸ್ಟ್‌ನಲ್ಲಿ ವಾಟರ್‌ಲೂದಲ್ಲಿ ಖಾಲಿ ಕೋಣೆಗಳೇ ಹೆಚ್ಚು. ಆಗ ಸಬ್ಲೆಟ್ ಕೊಡುವವರಿಗೆ ನಷ್ಟ, ತೆಗೆದುಕೊಳ್ಳುವವರಿಗೆ ಲಾಭ. ವಿರುದ್ಧ ಸ್ಟ್ರೀಮ್‌ನ ಒಬ್ಬನನ್ನು ಹುಡುಕಿಕೊಂಡು, ಒಂದೇ ಕೋಣೆಯನ್ನು ಸರದಿಯಲ್ಲಿ ಬಳಸುವುದು ಅಗ್ಗದ ಉಪಾಯ: ಇವನು ಓದುವಾಗ ಅವನು ಕೆಲಸದಲ್ಲಿ. ಶ್ನೈಡರ್ ಸಾಹೇಬರ ಜೋಡಿ ಪದ್ಧತಿ ಮಂಚಕ್ಕೂ ಬಂತು ನೋಡಿ.

ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿಲ್ಲ. ಠೇವಣಿ ಅಂದರೆ ಕೊನೆಯ ತಿಂಗಳ ಬಾಡಿಗೆ ಮಾತ್ರ, ಡ್ಯಾಮೇಜ್ ಡೆಪಾಸಿಟ್ ಕೇಳುವಂತಿಲ್ಲ. ಮನೆ ನೋಡುವ ಮೊದಲೇ ಇ-ಟ್ರಾನ್ಸ್‌ಫರ್ ಮಾಡಿ ಅನ್ನುವವರು ಕಳ್ಳರು.

ಮಲ್ನಾಡ್‌ಮಳೆ

ಎಲ್ಲರಿಗೂ ಧನ್ಯವಾದ. ಅಕ್ಕ-ಭಾವನಿಗೆ ಇದನ್ನೇ ಓದಿಸಿದೆ. ಒಂದೇ ಪ್ರಶ್ನೆ ಉಳಿದಿದೆ. ಇಲ್ಲೇ ಬಿಟ್ಸ್ ಪಿಲಾನಿಯಲ್ಲೋ ವಿಟಿಯು ಕಾಲೇಜಿನಲ್ಲೋ ಓದಿದರೆ ಇಂಥದ್ದು ಸಿಗುವುದಿಲ್ಲವಾ?

ಗ್ರ್ಯಾಂಡ್‌ನದಿ

ಬಿಟ್ಸ್‌ನ ಪ್ರಾಕ್ಟಿಸ್ ಸ್ಕೂಲ್ ಹತ್ತಿರದ ಸೋದರ. ಬೇಸಿಗೆಯಲ್ಲಿ ಸುಮಾರು ಎರಡು ತಿಂಗಳು, ಆಮೇಲೆ ಕೊನೆಯ ವರ್ಷದಲ್ಲಿ ಐದೂವರೆ ತಿಂಗಳು. ಕೂಡಿಸಿದರೆ ಏಳೂವರೆ, ಇಲ್ಲಿ 24. ವಿಟಿಯುನಲ್ಲೂ ಇಂಟರ್ನ್‌ಶಿಪ್ ಕಡ್ಡಾಯ, ಆದರೆ ಸಂಬಳ ಕಡ್ಡಾಯವಲ್ಲ. ದುಡ್ಡು ಕೊಟ್ಟು ಸರ್ಟಿಫಿಕೇಟ್ ತರುವ ಅಂಗಡಿಗಳ ಬಗ್ಗೆ ಬೆಂಗಳೂರಿನವರಿಗೆ ಹೇಳಬೇಕಿಲ್ಲ. ಫೀಸಿನ ಅಂತರ ನೋಡಿದರೆ ಮನೆಯಲ್ಲಿ ಕೂತು ಮಾತಾಡಬೇಕಾದ ವಿಷಯವೇ.

ಮಲ್ನಾಡ್‌ಮಳೆ

ಈಗ ತಾನೇ ನೋಡಿದೆವು, ಅವನದು ಸ್ಟ್ರೀಮ್ 4. ಪಾಸ್‌ಪೋರ್ಟ್ 2027ಕ್ಕೆ ಮುಗಿಯುತ್ತದೆ.

ಗಡಿದಾಟು

ಹಾಗಾದರೆ ನಾಳೆ ಬೆಳಿಗ್ಗೆಯೇ ಪಾಸ್‌ಪೋರ್ಟ್ ಸೇವಾ ಕೇಂದ್ರದ ಸ್ಲಾಟ್ ನೋಡಿ, ವೀಸಾ ಅರ್ಜಿ ಅದರ ನಂತರ.

ಶಾಯಿಪೆನ್ನು

ಮತ್ತೆ ರೆಸ್ಯೂಮೆಯ ಮೊದಲ ಕರಡು ಆಗಸ್ಟ್ 15ರ ಒಳಗೆ. ಡಿಕ್ಲರೇಷನ್ ಇಲ್ಲದೆ!